ಕಾಯಿಲ್ ಸೆಕ್ಷನ್ನಿನ ಜಗದಾಂಬಾ ಬರೆದ ಪ್ರಬಂಧ

ರಾಜಾಜಿನಗರದ ಇಂಡಸ್ಟ್ರಿಯಲ್ ಎಸ್ಟೇಟಿನಲ್ಲಿ ಟ್ಯೂಬ್‌ಲೈಟಿನ ಚೋಕ್ ತಯಾರಿಸುವ ಒಂದು ಫ್ಯಾಕ್ಟರಿ ಇತ್ತು. ಅಲ್ಲಿನ ಕಾಯಿಲ್ ಸೆಕ್ಷನ್ನಿನಲ್ಲಿ ಇದ್ದವರೆಲ್ಲ ಹೆಂಗಸರು. ಕೂದಲೆಳೆಯಂಥ ತಾಮ್ರದ ತಂತಿಯನ್ನು ಬಾಬಿನ್ನಿನ ಮೇಲೆ ಒಂದರ ಪಕ್ಕ ಒಂದು ಕೂರುವಂತೆ ಸುತ್ತುವುದು ಅವರ ಕೆಲಸ. ಮಾತಾಡಿದರೆ ತಂತಿ ಒಂದರ ಮೇಲೊಂದು ಹತ್ತಿಬಿಡುತ್ತದೆ ಎಂದು ಸೂಪರ್‌ವೈಸರು ದಿನವೂ ಗೊಣಗುತ್ತಿದ್ದರು. ಹೆಂಗಸರು ದಿನವೂ ಮಾತಾಡುತ್ತಲೇ ಸುತ್ತುತ್ತಿದ್ದರು, ತಂತಿ ಅದರ ಪಾಡಿಗೆ ಅದು ಸರಿಯಾಗಿಯೇ ಕೂರುತ್ತಿತ್ತು. ಮಾತಾಡದೆ ಸುತ್ತುತ್ತಿದ್ದವಳು ಜಗದಾಂಬಾ ಒಬ್ಬಳೇ. ಮಾತು ಬಾರದವಳಲ್ಲ ಅವಳು. ಇನ್ನೊಬ್ಬರು ಹೇಳುವುದನ್ನು ಕೇಳುವುದರಲ್ಲಿ ಅವಳಿಗೆ ಎಂಥ ರುಚಿ ಎಂದರೆ, ತಾನು ಬಾಯಿ ತೆರೆಯುವ ಹೊತ್ತಿಗೆ ವಿಷಯವೇ ಬದಲಾಗಿಹೋಗಿರುತ್ತಿತ್ತು.

ಅವಳದು ಹೊಳಲ್ಕೆರೆ ಕಡೆಯ ಮನೆತನ. ತಂದೆ ಗುರುಬಸಪ್ಪ ಮಾಮೂಲ್‌ಪೇಟೆಯ ಬಟ್ಟೆ ಅಂಗಡಿಯೊಂದರಲ್ಲಿ ಗುಮಾಸ್ತರಾಗಿದ್ದು, ಮಗಳು ಪಿಯುಸಿ ಮುಗಿಸಿದ ವರ್ಷವೇ ತೀರಿಕೊಂಡರು. ತಾಯಿ ಶಿವಗಂಗಮ್ಮ ಮತ್ತು ಮಗಳು ಮೂರನೇ ಬ್ಲಾಕಿನ ಒಂದು ಔಟ್‌ಹೌಸಿನಲ್ಲಿ ಉಳಿದರು. ಜಗದಾಂಬಾ ಫ್ಯಾಕ್ಟರಿ ಸೇರಿದಳು. ಕೆಲವು ವರ್ಷ ಕಳೆದ ಮೇಲೆ ಒಂದು ದಿನ, ಸಂಜೆ ಕಾಲೇಜಿನಲ್ಲಿ ಬಿ.ಎ. ಓದಲೇ ಅಮ್ಮಾ ಎಂದು ಹೆದರಿಕೊಂಡೇ ಕೇಳಿದಳು.

"ಸಾಯಂಕಾಲ ಮನೇಲಿ ಕೂತ್ಕೊಂಡು ನನ್ನ ಮುಖ ನೋಡಿ ನೋಡಿ ನಿಂಗೂ ಸಾಕಾಗಿದೆ, ನಂಗೂ ಸಾಕಾಗಿದೆ," ಎಂದಳು ಶಿವಗಂಗಮ್ಮ. "ಹೋಗಿ ಮೇಷ್ಟ್ರ ಮುಖ ನೋಡು, ಹೋಗು."

ಕಾಲೇಜು ಹತ್ತಿರದಲ್ಲೇ ಇತ್ತು. ಹಗಲು ಹೈಸ್ಕೂಲು, ಸಂಜೆ ಕಾಲೇಜು. ಬೆಂಚುಗಳು ಮಕ್ಕಳ ಅಳತೆಯವು; ಮೊಣಕಾಲು ಡೆಸ್ಕಿಗೆ ತಾಗುತ್ತಿತ್ತು. ಬರುವವರು ಬ್ಯಾಂಕಿನ ಜವಾನರು, ಟೈಪಿಸ್ಟರು, ಲೇತ್ ಕೆಲಸದವರು. ತಲೆಯ ಮೇಲೆ ಜುಂಯ್ ಎನ್ನುವ ಟ್ಯೂಬ್‌ಲೈಟು. ಆ ಸದ್ದು ಕೇಳಿದರೆ ಯಾವ ಚೋಕಿನೊಳಗೆ ತಗಡು ಸಡಿಲವಾಗಿದೆ ಎಂದು ಜಗದಾಂಬಾಳಿಗೆ ಗೊತ್ತಾಗುತ್ತಿತ್ತು. ಅದು ತಮ್ಮ ಫ್ಯಾಕ್ಟರಿಯದಲ್ಲ ಎಂಬುದು ಅವಳಿಗೊಂದು ಸಮಾಧಾನ.

ಕನ್ನಡ ರಚನೆ ಕಲಿಸುತ್ತಿದ್ದವರು ಗುರುಸಿದ್ದಯ್ಯ ಎಂಬ ಧಾರವಾಡ ಕಡೆಯ ಮೇಷ್ಟ್ರು. ಬಸವೇಶ್ವರನಗರದಿಂದ ಸೈಕಲ್ಲಿನಲ್ಲಿ ಬರುತ್ತಿದ್ದರು; ಪ್ಯಾಂಟಿಗೆ ಹಾಕಿದ ಕ್ಲಿಪ್ಪನ್ನು ತೆಗೆಯಲು ಮರೆತು ಹಾಗೆಯೇ ಪಾಠ ಮಾಡುತ್ತಿದ್ದರು. ಎಪ್ಪತ್ನಾಲ್ಕರ ಜನವರಿಯಲ್ಲಿ ಒಂದು ಸಂಜೆ ಅವರು ಕ್ಲಾಸಿಗೆ ಒಂದು ಪ್ರಬಂಧ ಬರೆಯಲು ಹೇಳಿದರು.

"ಯಾವುದರೆ ಒಂದು ಭಾಷಣ, ಇಲ್ಲಾ ಒಂದು ಜಾಹೀರಾತು, ಇಲ್ಲಾ ಒಂದು ನೋಟೀಸು ತಗೋರಿ. ಮಂದಿ ಮನಸ್ಸು ತಿರುಗಿಸಾಕಂತ ಹುಟ್ಟಿದ ಮಾತು ಇರಬೇಕು. ಅದು ಒಳ್ಳೇದು, ಕೆಟ್ಟದ್ದು ಅಂತ ಬರೀಬ್ಯಾಡ್ರಿ. ಅದು ನನಗೆ ಬೇಕಾಗಿಲ್ಲ. ಆ ಮಾತು ಕೇಳಿದವರನ್ನ ಏನು ಮಾಡಿತು, ಹ್ಯಾಂಗ ಮಾಡಿತು, ಯಾವ ಶಬ್ದದ ಕೈಲೆ ಮಾಡಿಸಿತು, ಅಷ್ಟ ಬರೀರಿ."

ಕ್ಲಾಸಿನ ಹೆಚ್ಚಿನವರು ದೊಡ್ಡವರ ಭಾಷಣಗಳನ್ನು ಆರಿಸಿಕೊಂಡರು; ಗೈಡಿನಲ್ಲಿ ಸಿಗುತ್ತದಲ್ಲ. ಜಗದಾಂಬಾಳ ಬಳಿ ಗೈಡೂ ಇರಲಿಲ್ಲ, ಭಾಷಣವೂ ಇರಲಿಲ್ಲ. ಒಂದು ವಾರ ಅವಳು ರಸ್ತೆಯ ಗೋಡೆಗಳ ಮೇಲಿನ ಹಲ್ಲುಪುಡಿಯ ಜಾಹೀರಾತು ಓದುತ್ತ ಓಡಾಡಿದಳು. ಅವು ಅವಳ ಮನಸ್ಸನ್ನು ಎತ್ತಲೂ ತಿರುಗಿಸಲಿಲ್ಲ.

ಆಗ ಫ್ಯಾಕ್ಟರಿಯ ಬೋರ್ಡಿನ ಮೇಲೆ ಒಂದು ನೋಟಿಸು ಬಿತ್ತು.

"ಬೆಳೆಯುತ್ತಿರುವ ನಮ್ಮ ಕುಟುಂಬಕ್ಕೆ ದೊಡ್ಡ ಮನೆಯೊಂದರ ಅಗತ್ಯ ಕಂಡುಬಂದಿರುವುದರಿಂದ, ಕಾರ್ಖಾನೆಯನ್ನು ಮುಂದಿನ ತಿಂಗಳು ಪೀಣ್ಯಕ್ಕೆ ಸ್ಥಳಾಂತರಿಸಲು ತೀರ್ಮಾನಿಸಲಾಗಿದೆ. ಮಹಿಳಾ ಸಿಬ್ಬಂದಿಯ ಹಿತವನ್ನು ಸಂಪೂರ್ಣವಾಗಿ ಗಮನದಲ್ಲಿಡಲಾಗಿದೆ." ಕೆಳಗೆ ಮ್ಯಾನೇಜರ್ ಚನ್ನಕೇಶವ ಅವರ ರುಜು.

ಪೀಣ್ಯದಲ್ಲಿ ಆಗಿನ್ನೂ ಒಂದು ಶೆಡ್ಡಿಗೂ ಇನ್ನೊಂದು ಶೆಡ್ಡಿಗೂ ನಡುವೆ ರಾಗಿಹೊಲ. ಮೂಡಲಪಾಳ್ಯದಿಂದ, ವಿಜಯನಗರದಿಂದ ನಡೆದೇ ಕೆಲಸಕ್ಕೆ ಬರುತ್ತಿದ್ದ ಹೆಂಗಸರಿಗೆ ಅದು ಇನ್ನೊಂದು ಊರೇ ಸರಿ. ನೋಟಿಸಿನ ಮುಂದೆ ನಿಂತವರಲ್ಲಿ ಓದು ಬಂದವರು ಓದಿದರು, ಬಾರದವರು ಕೇಳಿಸಿಕೊಂಡರು. "ಏನೋ ಮನೆ ಕಟ್ತಾರಂತೆ," ಎಂದು ಒಬ್ಬಾಕೆ ಹೇಳಿದಳು. ಹಾಗೆ ಅನ್ನಿಸುವಂತೆಯೇ ಇತ್ತು ಅದು.

ಸಂಜೆ ಗೇಟಿನ ಮುಂದೆ ಯೂನಿಯನ್ನಿನ ಕರಿಬಸಪ್ಪ ಸ್ಟೂಲು ಹತ್ತಿದ. ಚೋಕಿನ ತಗಡು ಕತ್ತರಿಸುವ ಪ್ರೆಸ್ ಸೆಕ್ಷನ್ನಿನ ಆಳು. ನಲವತ್ತರ ಪ್ರಾಯ, ಗಂಟೆಯಂಥ ಗಂಟಲು. ಕೂಲಿಕಾರರಿಗಾಗಿ ಎರಡು ಸಲ ಕೆಲಸ ಕಳೆದುಕೊಂಡು ಬಂದಿದ್ದವನು. ಅವನು ಮಾತಿಗೆ ನಿಂತರೆ ಪಕ್ಕದ ಫ್ಯಾಕ್ಟರಿಯವರೂ ಬಂದು ನಿಲ್ಲುತ್ತಿದ್ದರು.

"ಪೀಣ್ಯ ಅಂದ್ರೆ ಏನು ಗೊತ್ತೇನ್ರಪ್ಪಾ? ಜಾಲಿ ಮುಳ್ಳು! ನಾಯಿ! ನರಿ! ಅಂಥ ಕಡೆ ನಮ್ಮ ಅಕ್ಕತಂಗೇರನ್ನ ಕತ್ತಲಲ್ಲಿ ನಡೆಸ್ತಾರಂತೆ." ಇಲ್ಲಿ ಅವನು ನಿಲ್ಲಿಸಿದ. ಯಾರೋ ಕೆಮ್ಮಿದ್ದು ಕೇಳಿಸುವಷ್ಟು ಹೊತ್ತು ಸುಮ್ಮನಿದ್ದ. ಆಮೇಲೆ ಮೆಲ್ಲಗೆ ಕೇಳಿದ: "ನಾವೇನು ಬಳೆ ತೊಟ್ಕೊಂಡಿದೀವಾ?"

ಚಪ್ಪಾಳೆ ಎದ್ದಿತು. "ನಾವು ಬಗ್ಗಲ್ಲ! ನಾವು ಜಗ್ಗಲ್ಲ! ಗೇಟಿನ ಹೊರಗೆ ಕೂರೋದಕ್ಕೆ ನೀವು ತಯಾರಾಗಿ!" ಇನ್ನೂ ದೊಡ್ಡ ಚಪ್ಪಾಳೆ. ಜಗದಾಂಬಾ ಅಂಗೈ ಉರಿಯುವಂತೆ ಹೊಡೆದಳು. ಮನೆಗೆ ಬಂದ ಮೇಲೂ ಅವಳ ಮೈಯಲ್ಲಿ ಆ ಬಿಸಿ ಇಳಿದಿರಲಿಲ್ಲ. ಅದೇ ಬಿಸಿಯಲ್ಲಿ ಕೂತು ಪ್ರಬಂಧ ಬರೆದುಬಿಟ್ಟಳು: ನೋಟಿಸು ಸುಳ್ಳು, ಮೋಸ, ಬಡವರ ಹೊಟ್ಟೆಯ ಮೇಲೆ ಹೊಡೆಯುವಂಥದ್ದು, ಭಾಷಣ ಸತ್ಯ, ಧೀರ, ಸಿಂಹದ ಗರ್ಜನೆಯಂಥದ್ದು.

ಗುರುಸಿದ್ದಯ್ಯನವರು ಅದನ್ನು ಕ್ಲಾಸು ಮುಗಿದ ಮೇಲೆ ಅವಳ ಮುಂದೆಯೇ ಓದಿದರು. ಸಾಲು ಸಾಲಾಗಿ ಗೀಟು ಎಳೆಯುತ್ತ ಹೋದರು. ಕಡೆಗೆ ಉಳಿದದ್ದು, "ಇಲ್ಲಿ ಅವನು ನಿಲ್ಲಿಸಿದ" ಎಂಬ ಒಂದು ವಾಕ್ಯ.

"ಇದು ಜಗಳ. ಪ್ರಬಂಧ ಅಲ್ಲ," ಎಂದರು. "ಆದರ ಈ ಒಂದು ವಾಕ್ಯ ಚಲೋ ಐತಿ. ನೀವು ಕೇಳಾಕ ಬಲ್ಲವರು. ಅಲ್ರೀ, ನೀವೂ ಚಪ್ಪಾಳಿ ಹೊಡದ್ರಿ?"

"ಹೊಡೆದೆ ಸಾರ್."

"ಕೈ ಎದ್ದದ್ದು ಯಾವ ಶಬ್ದಕ್ಕ?"

ಜಗದಾಂಬಾ ಯೋಚಿಸಿದಳು. ಭಾಷಣವನ್ನು ಮನಸ್ಸಿನಲ್ಲಿ ಮತ್ತೊಮ್ಮೆ ಕೇಳಿಸಿಕೊಂಡಳು. ನಾಯಿ, ನರಿ, ಕತ್ತಲು, ಆಮೇಲೆ ಆ ಮೌನ, ಆಮೇಲೆ... ಅವಳ ದೃಷ್ಟಿ ತನ್ನ ಕೈಯ ಮೇಲೆ ಬಿತ್ತು. ಮುಂಗೈಯಲ್ಲಿ ಹಸಿರು ಗಾಜಿನ ಬಳೆಗಳಿದ್ದವು. 'ಬಳೆ ತೊಟ್ಟುಕೊಂಡಿದ್ದೀವಾ' ಎಂದಾಗ ಬಳೆ ತೊಟ್ಟ ಕೈಗಳೇ ಎದ್ದು ಚಪ್ಪಾಳೆ ತಟ್ಟಿದ್ದವು. ಆ ಚಪ್ಪಾಳೆಯೊಳಗೆ ಬಳೆಯ ಸದ್ದೂ ಇತ್ತು. ಅವಳಿಗೆ ಕೂತಲ್ಲೇ ಮುಖ ಬೆಚ್ಚಗಾಯಿತು.

"ಗೊತ್ತಾತು ಅಂತ ಕಾಣಸ್ತದ," ಎಂದು ಮೇಷ್ಟ್ರು ಸೈಕಲ್ಲಿನ ಬೀಗದ ಕೈ ಹುಡುಕಿಕೊಂಡು ಹೊರಟರು.

ಎರಡನೆಯ ಸಲ ಬರೆಯುವುದು ಅಷ್ಟು ಸುಲಭವಾಗಲಿಲ್ಲ. ಭಾಷಣದಲ್ಲಿ ಯಾವ ಮಾತು ನೆನಪಿದೆ ಎಂದು ಸೆಕ್ಷನ್ನಿನಲ್ಲಿ ಒಬ್ಬೊಬ್ಬರನ್ನೇ ಕೇಳುತ್ತ ಹೋದಳು. ಪಕ್ಕದ ಮೆಷಿನ್ನಿನ ಯಶೋದಮ್ಮ ಮೂಡಲಪಾಳ್ಯದವಳು, ಅವಳಿಗಿಂತ ಹತ್ತು ವರ್ಷ ದೊಡ್ಡವಳು, ಸೆಕ್ಷನ್ನಿಗೆಲ್ಲ ಅಕ್ಕ. "ನಾಯಿ, ನರಿ ಅಂದಿದ್ದು ನೆನಪಿದೆ ಕಣೇ. ನಮ್ಮ ಹಟ್ಟಿ ಹಿಂದೇನೂ ನರಿ ಕೂಗ್ತವೆ. ಅದಕ್ಕೇನು ಹೆದ್ರಿಕೊಂಡಿರ್ಲಿಲ್ಲ. ಅವನು ಅಂದ್ಮೇಲೆ ಹೆದ್ರಿಕೆ ಆಯ್ತು ನೋಡು!"

ಜಗದಾಂಬಾ ಅದನ್ನು ಹಾಗೆಯೇ ಬರೆದುಕೊಂಡಳು. ಕರಿಬಸಪ್ಪ ಹೊಸ ಭಯವನ್ನೇನೂ ತರಲಿಲ್ಲ. ದಿನವೂ ಕಂಡಿದ್ದನ್ನೇ ಕತ್ತಲಲ್ಲಿ ಇಟ್ಟು ತೋರಿಸಿದ. ಗೆಲ್ಲುವ ಮಾತು ಬಂದಾಗ 'ನಾವು' ಎಂದ, ಬಿಸಿಲಲ್ಲಿ ಕೂರುವ ಮಾತು ಬಂದಾಗ 'ನೀವು' ಎಂದ. ಅದು ಅವನಿಗೇ ಗೊತ್ತಿರಲಿಕ್ಕಿಲ್ಲ. ಆದರೂ ಅವನ ಆ ಮೌನ ಇತ್ತಲ್ಲ, ಅದನ್ನು ಮೆಚ್ಚದೆ ಇರಲು ಅವಳಿಗೆ ಆಗಲಿಲ್ಲ. ಇಷ್ಟು ಜನರ ಉಸಿರನ್ನು ಒಬ್ಬ ಮನುಷ್ಯ ಹಿಡಿದು ನಿಲ್ಲಿಸಬಲ್ಲ ಎಂದು ಮೆಚ್ಚಿಕೊಂಡೇ ಬರೆದಳು.

ನೋಟಿಸು ಇನ್ನೂ ಕಷ್ಟವಾಯಿತು. ಅದರಲ್ಲಿ ಸಿಟ್ಟಿಲ್ಲ, ಕೂಗಿಲ್ಲ. ಎಲ್ಲಿ ಹಿಡಿಯಬೇಕೋ ತಿಳಿಯದು. ಅನ್ನಕ್ಕಿಟ್ಟು ಕೂತವಳು, ಬೋರ್ಡಿನಿಂದ ಬರೆದುಕೊಂಡು ಬಂದಿದ್ದ ಅದನ್ನು ತಾಯಿಗೆ ಓದಿ ಹೇಳಿದಳು.

"ತೀರ್ಮಾನಿಸಲಾಗಿದೆ," ಎಂದು ಶಿವಗಂಗಮ್ಮ ಬಾಯಲ್ಲಿ ಹೊರಳಿಸಿ ನೋಡಿದಳು. "ನೀನು ಚಿಕ್ಕೋಳಿದ್ದಾಗ ಹಾಲು ಚೆಲ್ಲಿ, 'ಅಮ್ಮಾ, ಹಾಲು ಚೆಲ್ಲೋಯ್ತು' ಅಂತಿದ್ದೆ. ನಾನು ಚೆಲ್ಲಿದೆ ಅಂತ ಒಂದಿನಾನೂ ಅಂದೋಳಲ್ಲ."

ಜಗದಾಂಬಾ ನಕ್ಕಳು, ನಕ್ಕು ಪೆನ್ನು ತೆಗೆದುಕೊಂಡಳು. ನೋಟಿಸಿನ ಉದ್ದಕ್ಕೂ ಮಾಡುವವನೇ ಇಲ್ಲ. ಅಗತ್ಯ ತಾನಾಗಿ ಕಂಡುಬಂದಿದೆ, ತೀರ್ಮಾನ ತಾನಾಗಿ ಆಗಿದೆ, ಹಿತ ತಾನಾಗಿ ಗಮನದಲ್ಲಿ ಕೂತಿದೆ. ಜಗಳವಾಡೋಣವೆಂದರೆ ಎದುರಿಗೆ ಯಾರೂ ಇಲ್ಲ. 'ಕುಟುಂಬ', 'ಮನೆ' ಎಂಬ ಮಾತುಗಳು ಮಾತ್ರ ಬೆಚ್ಚಗೆ ಕೂತಿವೆ; ಮನೆ ದೊಡ್ಡದಾಗುತ್ತದೆ ಎಂದರೆ ಬೇಡ ಎನ್ನುವವರು ಯಾರು? ಹೋಗಬೇಕಾದ ಹೆಂಗಸರನ್ನು ಮ್ಯಾನೇಜರೂ ಕೇಳಲಿಲ್ಲ, ಕರಿಬಸಪ್ಪನೂ ಕೇಳಲಿಲ್ಲ ಎಂದು ಬರೆದು ಮುಗಿಸಿದಳು.

ಈ ಸಲದ ಪ್ರಬಂಧವನ್ನು ಗುರುಸಿದ್ದಯ್ಯನವರು ಗೀಟಿಲ್ಲದೆ ಓದಿದರು. ಆಮೇಲೆ ಕ್ಲಾಸಿನಲ್ಲಿ ಎಲ್ಲರಿಗೂ ಕೇಳುವಂತೆ ಓದಿಸಿದರು. ಜಗದಾಂಬಾಳ ಧ್ವನಿ ಮೊದಲು ನಡುಗಿತು. ನಡುವೆ ಎಲ್ಲೋ ಅದು ತನ್ನ ಧ್ವನಿ ಎಂಬುದನ್ನೇ ಅವಳು ಮರೆತಳು.

ಅದೇ ಕ್ಲಾಸಿನ ಹಿಂದಿನ ಬೆಂಚಿನಲ್ಲಿ ತಿಮ್ಮಯ್ಯ ಇದ್ದ. ಅವಳ ಫ್ಯಾಕ್ಟರಿಯ ಆಫೀಸಿನಲ್ಲೇ ಟೈಪಿಸ್ಟು. ಒಳ್ಳೆಯ ಹುಡುಗನೇ, ಆದರೆ ಅವನ ಹೊಟ್ಟೆಯಲ್ಲಿ ಮಾತು ಪಚನವಾಗುತ್ತಿರಲಿಲ್ಲ. ಮರುದಿನ ಹನ್ನೊಂದು ಗಂಟೆಯ ಚಹಾ ಹೊತ್ತಿಗೆ ಮ್ಯಾನೇಜರಿಗೂ ಗೊತ್ತಾಗಿತ್ತು, ಕರಿಬಸಪ್ಪನಿಗೂ ಗೊತ್ತಾಗಿತ್ತು.

ಮೊದಲು ಬಂದವನು ಕರಿಬಸಪ್ಪ. "ತಂಗೀ, ನೋಟಿಸನ್ನ ಸಿಪ್ಪೆ ಸುಲಿದಂಗೆ ಸುಲಿದಿದೀಯಂತೆ! ಆ ಭಾಗ ಕೊಡು. ಹ್ಯಾಂಡ್‌ಬಿಲ್ ಹೊಡೆಸಿ ಎಸ್ಟೇಟಿಗೆಲ್ಲ ಹಂಚ್ತೀನಿ. ನಿನ್ನ ಹೆಸರು ಹಾಕ್ಲಾ ಬೇಡ್ವಾ, ನೀನು ಹೇಳ್ದಂಗೆ."

"ಹೆಸರು ಹಾಕಿ ಅಣ್ಣಾ. ಆದ್ರೆ ಪೂರ್ತಿ ಹಾಕಿ. ನಿಮ್ಮ ಭಾಷಣದ ಭಾಗಾನೂ ಇದೆ."

"ಅದು ನಮ್ಮ ನಮ್ಮಲ್ಲಿ ಮಾತಾಡಿಕೊಳ್ಳೋಣ. ಹೊರಗೆ ಯಾಕೆ?"

"ಎರಡೂ ಸೇರಿ ಒಂದು ಪ್ರಬಂಧ ಅಣ್ಣಾ. ಅರ್ಧ ಕೊಟ್ರೆ ಅದು ನಾನು ಬರೆದಿದ್ದಲ್ಲ."

ಕರಿಬಸಪ್ಪ ಅವಳ ಮುಖವನ್ನೇ ನೋಡಿದ. ಇಷ್ಟು ವರ್ಷ ಮಾತಾಡದೆ ಇದ್ದವಳು ಮೊದಲ ಸಲ ಬಾಯಿ ತೆರೆದು ಇಲ್ಲ ಎಂದಿದ್ದು ಅವನಿಗೆ ಎಲ್ಲೋ ಚುಚ್ಚಿತು. ತಿರುಗಿ ತನ್ನ ಸೆಕ್ಷನ್ನಿಗೆ ಹೊರಟುಹೋದ.

ಊಟದ ಬೆಲ್ಲಿಗೆ ಮುಂಚೆ ಆಫೀಸಿನಿಂದ ಕರೆ ಬಂತು. ಚನ್ನಕೇಶವ ಅವರು ಎದ್ದು ನಿಂತು ಕುರ್ಚಿ ತೋರಿಸಿದರು. ಕಾಯಿಲ್ ಸೆಕ್ಷನ್ನಿನವರಿಗೆ ಆ ಕೋಣೆಯಲ್ಲಿ ಕುರ್ಚಿ ಸಿಕ್ಕಿದ್ದು ಯಾರಿಗೂ ನೆನಪಿಲ್ಲ. "ನೋಡಮ್ಮಾ, ಓದೋ ಹುಡುಗಿ ನೀನು, ನನಗೆ ಬಹಳ ಸಂತೋಷ. ಆ ಭಾಷಣದ ವಿಷಯ ಬರೆದಿದೀಯಲ್ಲ, ಬಳೆ, ನರಿ, ಅದನ್ನ ನಮ್ಮ ಬೋರ್ಡಿನ ಮೇಲೆ ಹಾಕೋಣ. ಹೆಂಗಸರು ಓದ್ಲಿ. ಅವರಿಗೂ ತಿಳುವಳಿಕೆ ಬರುತ್ತೆ."

"ನೋಟಿಸಿನ ಭಾಗಾನೂ ಹಾಕ್ತೀರಾ ಸಾರ್?"

ಅವರು ಮುಗುಳ್ನಕ್ಕರು. "ಬೋರ್ಡಿನಲ್ಲಿ ಅಷ್ಟು ಜಾಗ ಇಲ್ಲಮ್ಮ."

"ಹಾಗಾದ್ರೆ ಬೇಡ ಸಾರ್," ಎಂದು ಜಗದಾಂಬಾ ಎದ್ದಳು.

ಆ ವಾರ ಅವಳ ಪಾಲಿಗೆ ಕೆಟ್ಟ ವಾರ. ಮ್ಯಾನೇಜರ ಕುರ್ಚಿಯಲ್ಲಿ ಕೂತು ಬಂದವಳು ಎಂದು ಪ್ರೆಸ್ ಸೆಕ್ಷನ್ನಿನವರು ಮುಖ ತಿರುಗಿಸಿದರು. ಯೂನಿಯನ್ನಿನವಳು ಎಂದು ಸೂಪರ್‌ವೈಸರು ಸುಮ್ಮಸುಮ್ಮನೆ ಅವಳ ಬಾಬಿನ್ನುಗಳನ್ನು ವಾಪಸು ಕಳಿಸತೊಡಗಿದರು. ಅದನ್ನೆಲ್ಲ ಅವಳು ಹೇಗೋ ತಡೆದುಕೊಂಡಳು. ತಡೆಯಲಾಗದೆ ಹೋದದ್ದು ಯಶೋದಮ್ಮ ಮೆಷಿನ್ನಿನ ಸದ್ದಿನ ನಡುವೆ ಕೇಳಿದ ಮಾತು.

"ನೀನು ಯಾರ ಕಡೆ ಜಗದಾ? ಒಂದು ಕಡೆ ನಿಂತ್ಕೊಬಾರ್ದಾ?"

"ಏನು ಬರೆದಿದೀನಿ ಅಂತ ಕೇಳಿದ್ಯಾ ಅಕ್ಕಾ?"

"ಊರೆಲ್ಲ ಹೇಳ್ತಾ ಇದೆ."

"ಊರು ಹೇಳಿದ್ದಲ್ಲ. ನಾನು ಬರೆದಿದ್ದು."

ಮರುದಿನ ಊಟದ ಹೊತ್ತಿನಲ್ಲಿ, ಶೆಡ್ಡಿನ ಹಿಂದಿನ ಹೊಂಗೆಮರದ ಕೆಳಗೆ, ಡಬ್ಬಿ ಬಿಚ್ಚಿ ಕೂತ ಹೆಂಗಸರ ಮುಂದೆ ಜಗದಾಂಬಾ ಪ್ರಬಂಧವನ್ನು ಪೂರ್ತಿ ಓದಿದಳು. ಚಪ್ಪಾಳೆ, ಬಳೆಯ ಭಾಗ ಬಂದಾಗ ಯಾರೋ ಕಿಸಕ್ಕೆಂದರು. ಎಲ್ಲರೂ ತಂತಮ್ಮ ಕೈ ನೋಡಿಕೊಂಡರು. 'ಹಾಲು ಚೆಲ್ಲಿಹೋಯಿತು' ಎಂದಾಗ ನಗು ಮರದ ತುಂಬ ಹರಡಿತು. ಓದು ಮುಗಿಯಿತು. ಎಲ್ಲರೂ ಮೆಚ್ಚಿಕೊಂಡರು. ಯಶೋದಮ್ಮ ಮಾತ್ರ ಮುದ್ದೆಯನ್ನು ಮುರಿಯದೆ ಕೂತಿದ್ದಳು.

"ಚೆನ್ನಾಗೈತೆ ಕಣೇ. ಮ್ಯಾನೇಜರು ನಮ್ಮನ್ನ ಕೇಳ್ಲಿಲ್ಲ ಅಂತ ಬರ್ದಿದೀಯ. ಕರಿಬಸಪ್ಪಾನೂ ಕೇಳ್ಲಿಲ್ಲ ಅಂತ ಬರ್ದಿದೀಯ. ಸರಿ. ನೀನು ಕೇಳಿದ್ಯಾ?"

"ಕೇಳಿದ್ನಲ್ಲ ಅಕ್ಕಾ, ಒಬ್ಬೊಬ್ಬರನ್ನೂ..."

"ಅವರು ಏನಂದ್ರು, ನೆನಪಿದ್ಯಾ ಅಂತ ಕೇಳ್ದೆ. ಪೀಣ್ಯಕ್ಕೆ ಹೋಗೋದಕ್ಕೆ ನಿಂಗೇನು ಕಷ್ಟ ಯಶೋದಕ್ಕ ಅಂತ ಒಂದು ಮಾತು ನೀನೂ ಕೇಳ್ಲಿಲ್ಲ."

ಅದು ನಿಜವಾಗಿತ್ತು. ಜಗದಾಂಬಾ ಮಾತುಗಳ ಹಿಂದೆ ಹೋಗಿದ್ದಳು. ಮಾತು ಯಾರ ಬಗ್ಗೆ ಆಡಿದ್ದೋ ಅವರು ಪಕ್ಕದ ಮೆಷಿನ್ನಿನಲ್ಲೇ ಕೂತಿದ್ದರು. ಕಾಗದಗಳನ್ನು ಮಡಚಿ ಮಡಿಲಲ್ಲಿಟ್ಟುಕೊಂಡು ಕೇಳಿದಳು: "ಪೀಣ್ಯಕ್ಕೆ ಹೋಗೋದಕ್ಕೆ ನಿಂಗೇನು ಕಷ್ಟ ಯಶೋದಕ್ಕಾ?"

"ಕಷ್ಟ ಏನಿಲ್ಲ. ಗಾಡಿ ಬಿಟ್ರೆ ಬರ್ತೀನಿ. ಮಗಳ ಪರೀಕ್ಷೆ ಮುಗಿಯೋವರ್ಗೂ ಬೇಡ ಅಷ್ಟೆ. ಬೆಳಗ್ಗೆ ಅವಳನ್ನ ಎಬ್ಬಿಸಿ ಓದಿಸೋಳು ನಾನೇ."

ಮರದ ಕೆಳಗೆ ಒಬ್ಬೊಬ್ಬರೂ ಬಾಯಿ ಬಿಟ್ಟರು. ಮುಖ್ಯರಸ್ತೆಯಿಂದ ಶೆಡ್ಡಿನ ತನಕ ದೀಪ ಬೇಕು ಎಂದಳು ಒಬ್ಬಳು. ಅಲ್ಲಿ ಕುಡಿಯುವ ನೀರಿದೆಯೇ ಎಂದಳು ಇನ್ನೊಬ್ಬಳು. ಮುನಿತಾಯಮ್ಮ ಎಂಬ ಮೊಲೆಯೂಡುವ ತಾಯಿ, ಗಾಡಿ ಬಂದರೂ ತಾನು ಹೋಗಲಾರೆ, ಈಗ ಮಧ್ಯಾಹ್ನ ಓಡಿಹೋಗಿ ಮಗುವಿಗೆ ಕುಡಿಸಿ ಬರುತ್ತಿದ್ದೇನೆ ಎಂದಳು. ನರಿಯ ಮಾತನ್ನು ಯಾರೂ ಎತ್ತಲಿಲ್ಲ. ಬೆಲ್ ಹೊಡೆದದ್ದು ಕೇಳಿಸದೆ ಸೂಪರ್‌ವೈಸರೇ ಹುಡುಕಿಕೊಂಡು ಬರಬೇಕಾಯಿತು.

ಶನಿವಾರ ಕ್ಯಾಂಟೀನಿನಲ್ಲಿ ಮ್ಯಾನೇಜ್‌ಮೆಂಟಿಗೂ ಯೂನಿಯನ್ನಿಗೂ ಮಾತುಕತೆ ಇತ್ತು. ಕರಿಬಸಪ್ಪನ ದೊಡ್ಡ ಗುಣ ಎಂದರೆ ಸಿಟ್ಟು ಅವನಲ್ಲಿ ನಾಲ್ಕು ದಿನಕ್ಕಿಂತ ಹೆಚ್ಚು ನಿಲ್ಲುತ್ತಿರಲಿಲ್ಲ. ಮರದ ಕೆಳಗಿನ ಸಂಗತಿ ಕೇಳಿ ತಾನೇ ಕಾಯಿಲ್ ಸೆಕ್ಷನ್ನಿಗೆ ಬಂದು, "ನೀವೂ ಬನ್ರವ್ವಾ. ನಿಮ್ಮ ವಿಷಯಾನೇ ಅಲ್ವಾ," ಎಂದ. ಜಗದಾಂಬಾ, ಯಶೋದಮ್ಮ ಹೋಗಿ ಗೋಡೆಯ ಪಕ್ಕದ ಬೆಂಚಿನ ಮೇಲೆ ಕೂತರು. ಬಹಳ ಹೊತ್ತು ಎರಡೂ ಕಡೆಯಿಂದ ದೊಡ್ಡ ದೊಡ್ಡ ಮಾತುಗಳು ಬಂದವು, ಹೋದವು. ಕಡೆಗೆ ಜಗದಾಂಬಾ ಎದ್ದು ನಿಂತಳು.

"ಸಾರ್, ಒಂದು ಕೇಳೋದಿತ್ತು. ನೋಟಿಸಿನಲ್ಲಿ ತೀರ್ಮಾನಿಸಲಾಗಿದೆ ಅಂತಿದೆ. ಯಾರು ತೀರ್ಮಾನಿಸಿದ್ದು?"

"ಮ್ಯಾನೇಜ್‌ಮೆಂಟ್," ಎಂದರು ಚನ್ನಕೇಶವ.

"ಅಂದ್ರೆ ಯಾರು ಸಾರ್? ಜಗಳಕ್ಕಲ್ಲ. ಗೊತ್ತಾದ್ರೆ ನಾವು ಅವರನ್ನೇ ಹೋಗಿ ಕೇಳ್ಕೋತೀವಿ."

ಮ್ಯಾನೇಜರು ಕನ್ನಡಕ ತೆಗೆದು ಒರೆಸಿದರು. ಅವರು ಕೆಟ್ಟವರಲ್ಲ, ಕಾಗದದ ಮರೆಯಲ್ಲಿ ನಿಂತು ಅಭ್ಯಾಸವಾದವರು, ಅಷ್ಟೆ. "ಜಾಗ ತಗೊಂಡಿದ್ದು ಮಾಲೀಕರು. ಅದನ್ನ ನಾನು ಬದಲಾಯಿಸೋಕಾಗಲ್ಲ. ತಾರೀಖು..." ಎಂದು ತಡೆದು, "ತಾರೀಖು ಹಾಕಿದ್ದು ನಾನು," ಎಂದರು.

"ಹಾಗಾದ್ರೆ ತಾರೀಖು ಮುಂದೆ ಹಾಕೋದೂ ನಿಮ್ಮ ಕೈಯಲ್ಲೇ ಇದೆಯಲ್ಲ ಸಾರ್."

ಚನ್ನಕೇಶವ ಅವರು ಕನ್ನಡಕವನ್ನು ಮತ್ತೆ ಹಾಕಿಕೊಂಡರು. ಜಗದಾಂಬಾ ಕರಿಬಸಪ್ಪನ ಕಡೆ ತಿರುಗಿದಳು. "ಅಣ್ಣಾ, ನಾವು ಬಗ್ಗಲ್ಲ ಅಂದ್ರಿ. ಆ 'ನಾವು' ಒಳಗೆ ನಮ್ಮ ಸೆಕ್ಷನ್ನೂ ಇದೆಯಾ? ಇದ್ರೆ ನಿಮ್ಮ ಬೇಡಿಕೆಗಳಲ್ಲಿ ನಮ್ಮದು ಯಾವುದು?"

ಕರಿಬಸಪ್ಪ ಕೈಯಲ್ಲಿದ್ದ ಹಾಳೆಯನ್ನು ನೋಡಿದ. ಹಿಂದೆ ತಿರುಗಿಸಿ ನೋಡಿದ. ಅಷ್ಟು ದೊಡ್ಡ ಗಂಟಲಿನ ಮನುಷ್ಯ ಆಗ ಆಡಿದ ಮಾತು ಪಕ್ಕದವರಿಗಷ್ಟೇ ಕೇಳಿಸಿತು: "ಇಲ್ಲ ಕಣಮ್ಮ. ಬಿಟ್ಟುಹೋಗಿದೆ." ಮರುಕ್ಷಣವೇ ತನ್ನನ್ನು ತಾನು ತಿದ್ದಿಕೊಂಡ. "ಬಿಟ್ಟೋನು ನಾನೇ. ಹೇಳಿ, ಬರ್ಕೋತೀನಿ." ಕಿವಿಯ ಹಿಂದಿನ ಪೆನ್ಸಿಲು ತೆಗೆದ.

ಹೇಳಿದವಳು ಯಶೋದಮ್ಮ. ಗಾಡಿ, ದೀಪ, ನೀರು, ಮಕ್ಕಳ ಪರೀಕ್ಷೆ, ಮುನಿತಾಯಮ್ಮನ ಕೂಸು. ಅಡುಗೆಮನೆಯಲ್ಲಿ ನಿಂತು ಸಾಮಾನು ಹೇಳಿದಂತೆ ಹೇಳಿ ಮುಗಿಸಿ ಕೂತಳು.

ಎಲ್ಲವೂ ಕೇಳಿದಂತೆ ಆಗಲಿಲ್ಲ. ಫ್ಯಾಕ್ಟರಿ ಪೀಣ್ಯಕ್ಕೆ ಹೋಗಿಯೇ ಹೋಯಿತು; ಆದರೆ ಮಕ್ಕಳ ಪರೀಕ್ಷೆ ಮುಗಿದು ಬೇಸಿಗೆ ರಜೆ ಬಂದ ಮೇಲೆ ಹೋಯಿತು. ವಿಜಯನಗರದಿಂದ ಒಂದು ಮೆಟಡಾರ್ ವ್ಯಾನು ಬಿಟ್ಟರು. ಅದು ಮೂಡಲಪಾಳ್ಯದ ತಿರುವಿನಲ್ಲೂ ನಿಲ್ಲುತ್ತಿತ್ತು, ರಾಜಾಜಿನಗರದಲ್ಲೂ ನಿಲ್ಲುತ್ತಿತ್ತು. ದೀಪದ ಕಂಬ ನೆಟ್ಟರು. ದೀಪ ಬರಲು ಮಳೆಗಾಲ ಕಳೆಯಿತು. ಮುನಿತಾಯಮ್ಮ ಮಾತ್ರ ಕೆಲಸ ಬಿಡಬೇಕಾಯಿತು. ಅವಳ ವಿಷಯವನ್ನು ಎರಡು ಸಲ ಎತ್ತಿದರೂ ಯಾರೂ ದಾರಿ ತೋರಲಿಲ್ಲ. ಗೆದ್ದೆವು ಎಂದು ಯಾರಾದರೂ ಹೇಳಿದಾಗಲೆಲ್ಲ ಜಗದಾಂಬಾ ಆ ಹೆಸರನ್ನು ನೆನಪಿಸುತ್ತಿದ್ದಳು.

ಪ್ರಬಂಧಕ್ಕೆ ಅವಳು ಹೊಂಗೆಮರದ ಕೆಳಗಿನ ಸಂಗತಿಯನ್ನೂ, ತಾನೂ ಕೇಳದೆ ಬಿಟ್ಟದ್ದನ್ನೂ ಸೇರಿಸಿ ಮೂರನೆಯ ಸಲ ಬರೆದು ಕೊಟ್ಟಳು. ಗುರುಸಿದ್ದಯ್ಯನವರು ಓದಿ, ಕೊನೆಯ ಪುಟವನ್ನು ಇನ್ನೊಮ್ಮೆ ತಿರುಗಿಸಿ ನೋಡಿದರು.

"ಕೊನೀ ಪುಟ ನಾ ಹೇಳಿದ ವಿಷಯದಾಗ ಬರೂದಿಲ್ಲ," ಎಂದರು. "ಅದಕ್ಕ ಪೂರಾ ಅಂಕ ಕೊಡಾಕ ಬರಾಂಗಿಲ್ಲ. ತಗದು ಹಾಕ್ತೀರೇನು?"

"ಇಲ್ಲ ಸಾರ್. ಅಂಕ ಕಮ್ಮಿ ಕೊಡಿ."

ಅವರು ಕಮ್ಮಿ ಕೊಟ್ಟರು. ಕೊಟ್ಟು, ಆ ಪ್ರಬಂಧದ ಒಂದು ಪ್ರತಿ ಬರೆದುಕೊಡಲು ಕೇಳಿದರು. ಮುಂದಿನ ವರ್ಷದ ವಿದ್ಯಾರ್ಥಿಗಳಿಗೆ, ಅದರ ಮುಂದಿನವರಿಗೆ, ಸೈಕಲ್ ಕ್ಲಿಪ್ಪು ತೊಟ್ಟ ಕಾಲನ್ನೇ ಮೇಜಿಗೆ ಆನಿಸಿ ನಿಂತು ಓದಿ ಹೇಳುತ್ತಿದ್ದರು. ಕೊನೆಯ ಪುಟವನ್ನೂ ಬಿಡದೆ.

ಎಪ್ಪತ್ತಾರರಲ್ಲಿ ಜಗದಾಂಬಾ ಬಿ.ಎ. ಮುಗಿಸಿದಳು. ಆಫೀಸಿನ ಕೆಲಸಕ್ಕೆ ಬಾ ಎಂದು ಚನ್ನಕೇಶವ ಅವರು ಕರೆದರು. ಯೋಚಿಸಿ ಹೇಳುತ್ತೇನೆ ಎಂದವಳು ಯೋಚಿಸಿ ಬೇಡ ಎಂದಳು. ಬೆರಳಿಗೆ ತಂತಿ ಒಗ್ಗಿದೆ, ಮೇಲಾಗಿ ಆಫೀಸಿನಲ್ಲಿ ಯಾರೂ ಅಷ್ಟು ಚೆನ್ನಾಗಿ ಮಾತಾಡುವುದಿಲ್ಲ ಎಂದು ತಾಯಿಗೆ ಹೇಳಿದಳು. ಜನ ಅವಳ ಹತ್ತಿರ ಕಾಗದಗಳನ್ನು ತರತೊಡಗಿದರು: ಮನೆ ಖಾಲಿ ಮಾಡಿ ಎಂಬ ನೋಟಿಸು, ಗಂಡಿನ ಕಡೆಯವರ ಸಕ್ಕರೆ ಮಾತಿನ ಪತ್ರ. ಓದಿ, ಇದರಲ್ಲಿ ಹೇಳಿದ್ದು ಇಷ್ಟು, ಹೇಳದೆ ಬಿಟ್ಟದ್ದು ಇಷ್ಟು ಎನ್ನುತ್ತಿದ್ದಳು. ಏನು ಮಾಡಬೇಕೆಂದು ಮಾತ್ರ ಹೇಳುತ್ತಿರಲಿಲ್ಲ.

ಕರಿಬಸಪ್ಪನೂ ಬರುತ್ತಿದ್ದ. ದೊಡ್ಡ ಸಭೆಯ ಹಿಂದಿನ ಭಾನುವಾರ, ಮೂರನೇ ಬ್ಲಾಕಿನ ಆ ಔಟ್‌ಹೌಸಿನ ನಡುಮನೆಯಲ್ಲಿ ಕೈಕಟ್ಟಿ ನಿಂತು, ತನ್ನ ಭಾಷಣವನ್ನು ಮೊದಲು ಅವಳಿಗೆ ಒಪ್ಪಿಸುತ್ತಿದ್ದ. ಜಗದಾಂಬಾ ಚಾಪೆಯ ಮೇಲೆ ಕೂತು ಕಣ್ಣು ಮುಚ್ಚಿ ಕೇಳುತ್ತಿದ್ದಳು. ಒಮ್ಮೆ ಅವನು ಮೈಮರೆತು ಏರಿ ಏರಿ ಹೋಗಿ, ಇಂಗ್ಲಿಷಿನ ನಾಲ್ಕು ಭಾರೀ ಪದಗಳನ್ನು ಒಟ್ಟಿಗೆ ಉದುರಿಸಿ, ಬೆವರು ಒರೆಸಿಕೊಂಡು ನಿಂತ.

ಜಗದಾಂಬಾ ಬಾಯಿ ತೆರೆಯುವ ಮುಂಚೆಯೇ, ಅವಲಕ್ಕಿಗೆ ಒಗ್ಗರಣೆ ಹಾಕುತ್ತಿದ್ದ ಶಿವಗಂಗಮ್ಮ ಒಲೆಯ ಮುಂದಿನಿಂದ ಕೂಗಿದಳು: "ಅದೇನಂದೆ ಕರಿಬಸಪ್ಪಾ? ಕಡೇದು ತಿಳೀಲಿಲ್ಲ ಕಣಪ್ಪ."

ಕರಿಬಸಪ್ಪ ಟವೆಲ್ಲು ಹೆಗಲಿಗೆ ಹಾಕಿಕೊಂಡು, ಅಡುಗೆಮನೆಯ ಬಾಗಿಲಿಗೆ ಬಂದು ನಿಂತು, ಅದನ್ನು ಇನ್ನೊಂದು ಸಲ ಕನ್ನಡದಲ್ಲಿ ಹೇಳಿದ.